ಬಾಲಕ್ಕನ ಅಕ್ಕಿಕಾಳು

ಮದುವೆಗೆ ಜಾಗ ಸಿಕ್ಕಿತು ಎಂದು ಕಾವೇರಿ ಕುಣಿಯುತ್ತ ಬಂದು ಫೋನನ್ನು ತಾಯಿಯ ಮೂಗಿನ ಹತ್ತಿರ ಹಿಡಿದಾಗ ನಾಗರತ್ನಾಳ ಎದೆ ಧಸಕ್ಕೆಂದಿತು. ಚಿತ್ರದಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಕೋಲಾರದ ಬೆಟ್ಟ ಹತ್ತುವ ರಸ್ತೆ, ಅದರ ಒಂದು ತಿರುವು, ತಿರುವಿನ ಪಕ್ಕದಲ್ಲಿ ಅಂಗಳದಷ್ಟು ಅಗಲದ ಹಾಸುಬಂಡೆ, ಬಂಡೆಯ ಆಚೆ ತಗ್ಗಿನಲ್ಲಿ ಕೆರೆ, ಹೊಲ, ಹುಣಸೆ ತೋಪು. ಊರಿನಿಂದ ದೂರ, ಬಯಲಿನಲ್ಲಿ, ಹತ್ತಿಪ್ಪತ್ತು ಜನ ಮಾತ್ರ, ಓಲಗವಿಲ್ಲ, ಗದ್ದಲವಿಲ್ಲ ಎಂದು ಕಾವೇರಿ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಒಂದೊಂದು ಮಾತೂ ನಾಗರತ್ನಾಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಆದರೂ ನಕ್ಕಳು. ಚೆಂದ ಇದೆ ಎಂದಳು.

ಮದುವೆ ಕಾವೇರಿಯದಲ್ಲ, ಅವಳ ತಾಯಿಯದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆ.ಆರ್. ಪುರದ ಆ ವಠಾರದಲ್ಲಿ ನೀರಿನ ಕ್ಯಾನು ತರುವವನಿಂದ ಹಿಡಿದು ಎದುರುಮನೆಯ ಟೀಚರಮ್ಮನವರೆಗೆ ಎಲ್ಲರೂ ತಪ್ಪಾಗಿ ತಿಳಿದು, ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದರು. ನಾಗರತ್ನಾಳಿಗೆ ನಲವತ್ತು ದಾಟಿತ್ತು. ಯಾದಗಿರಿ ಕಡೆಯ ಹಳ್ಳಿಯಿಂದ ಗಂಡನ ಹಿಂದೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದವಳು. ಕಾವೇರಿ ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ ಗಂಡ ಕಾಮಾಲೆಯಾಗಿ ಹೋಗಿಬಿಟ್ಟ. ಹೋಗುವವರು ಹೋಗುತ್ತಾರೆ, ಬಾಡಿಗೆ ಕೋಣೆ ಮತ್ತು ಹಸಿದ ಮಗು ಉಳಿದವರ ಪಾಲಿಗೆ. ಜೋಗುಪಾಳ್ಯದಲ್ಲಿ ಮದುವೆ ಮನೆಗಳ ಅಲಂಕಾರ ಮಾಡಿಕೊಡುವ ಒಂದು ಕಂಪನಿಯ ಗೋಡೌನಿತ್ತು. ಅಲ್ಲಿ ಹೂ ಕಟ್ಟುವ ಕೆಲಸಕ್ಕೆ ಸೇರಿದಳು. ಮಗಳು ಡಿಗ್ರಿ ಮುಗಿಸಿ ಅದೇ ಕಂಪನಿಯ ಇಂದಿರಾನಗರದ ಆಫೀಸಿನಲ್ಲಿ ಕುಳಿತಳು. ತಾಯಿ ಕಟ್ಟಿದ ಹೂವನ್ನು ಎಲ್ಲಿ ಇಳಿಬಿಡಬೇಕು ಎಂದು ಹೇಳುವುದು ಮಗಳ ಕೆಲಸ.

ಭೀಮಾಶಂಕರ ಆ ಗೋಡೌನಿನ ಟೆಂಪೊ ಓಡಿಸುವವನು. ಸುರಪುರದವನು. ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಮಗುವೂ ಉಳಿದಿರಲಿಲ್ಲ. ಬಹಳ ಕಾಲ ಎಲ್ಲರಂತೆ ಅವನೂ ನಾಗಕ್ಕ, ನಾಗಕ್ಕ ಎಂದುಕೊಂಡೇ ಹೂವಿನ ಬಕೆಟ್ಟು ಎತ್ತುತ್ತಿದ್ದ. ಒಂದು ದಿನ ಅಕ್ಕ ಉದುರಿಹೋಯಿತು. ನಾಗರತ್ನಾ, ಆ ಸೇವಂತಿಗಿ ಬುಟ್ಟಿ ಈ ಕಡೆ ಕೊಡ್ರಿ ಅಂದ. ಗೋಡೌನಿನ ಹೆಂಗಸರೆಲ್ಲ ಸೂಜಿ ನಿಲ್ಲಿಸಿ ತಲೆ ಎತ್ತಿದರು. ಅವನು ಕಿವಿಯವರೆಗೆ ಕೆಂಪಾಗಿ, ಟೆಂಪೊ ಹಿಂದಕ್ಕೆ ತೆಗೆಯುವಾಗ ಗೇಟಿಗೆ ತಾಗಿಸಿ ಮ್ಯಾನೇಜರನಿಂದ ಬೈಸಿಕೊಂಡ. ಅಲ್ಲಿಂದ ಮದುವೆಯ ಮಾತು ಆಡುವುದಕ್ಕೆ ಅವನು ಇನ್ನೂ ಎರಡು ಮಳೆಗಾಲ ತೆಗೆದುಕೊಂಡ. ಕೊನೆಗೆ ಆಡಿದ್ದೂ ಕಾವೇರಿಯ ಹತ್ತಿರವೇ ಹೊರತು ನಾಗರತ್ನಾಳ ಹತ್ತಿರ ಅಲ್ಲ. ಕಾವೇರಿ ಬಿಡುವವಳೇ? ತಾಯಿಯ ಕೈ ಹಿಡಿದು ಕೂರಿಸಿ ಹೂಂ ಅನ್ನಿಸಿಯೇ ಎದ್ದಳು.

ಈಗ ನಾಗರತ್ನಾಳ ಎದೆ ಧಸಕ್ಕೆಂದ ಕಾರಣಕ್ಕೆ ಬರೋಣ. ಅವರ ಮಂದಿಯಲ್ಲಿ ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೊಡುವುದುಂಟು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದನ್ನು ಮದುವೆ ಅನ್ನುವುದಿಲ್ಲ. ಉಡಿಕಿ ಅನ್ನುತ್ತಾರೆ. ಒಂದು ಸೀರೆ ಉಡಿಸಿ ಕಳಿಸಿಬಿಡುವುದು, ಅಷ್ಟೆ. ಮನೆಯ ಮುಂದೆ ಹಂದರ ಹಾಕುವಂತಿಲ್ಲ, ಬಾಜಾ ಊದಿಸುವಂತಿಲ್ಲ. ಊರ ಹೊರಗೆ, ಬಯಲಿನಲ್ಲಿ, ನಾಲ್ಕು ಜನ ಸೇರಿ ಗಪ್ಪನೆ ಮುಗಿಸಬೇಕು. ಮುತ್ತೈದೆಯರು ಅತ್ತ ಸುಳಿಯುವಂತಿಲ್ಲ. ತಾಳಿ ಬಿದ್ದ ಗಳಿಗೆಯಿಂದ ಮರುದಿನ ಹೊತ್ತು ಮೂಡುವವರೆಗೆ ಆ ಹೆಣ್ಣಿನ ಮುಖ ನೋಡಿದ ಮುತ್ತೈದೆಯ ಕೊರಳಲ್ಲಿ ತಾಳಿ ಉಳಿಯುವುದಿಲ್ಲ ಎಂದು ನಂಬಿಕೆ. ನಾಗರತ್ನಾ ಸಣ್ಣವಳಿದ್ದಾಗ ಅವಳ ಸಣ್ಣವ್ವನಿಗೆ, ಅಂದರೆ ತಾಯಿಯ ತಂಗಿಗೆ, ಹೀಗೆಯೇ ಹಣಮಪ್ಪನ ಗುಡಿಯ ಹಿಂದೆ ಉಡಿಕಿ ಮಾಡಿದರು. ಓಣಿಯ ಹೆಂಗಸರೆಲ್ಲ ಬಾಗಿಲು ಮುಚ್ಚಿಕೊಂಡರು. ಸ್ವಂತ ಅಕ್ಕ, ನಾಗರತ್ನಾಳ ಅವ್ವ, ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಸಣ್ಣವ್ವ ಹೊಸ ಗಂಡನ ಹಿಂದೆ ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ಹೊಲದ ಬದುವಿನ ಮೇಲೆ ನಡೆದು ಹೋದದ್ದನ್ನು ನಾಗರತ್ನಾ ಮತ್ತು ಅವಳ ಅಕ್ಕ ಬಾಲಮ್ಮ ಕಿಟಕಿಯ ಸಂದಿನಿಂದ ನೋಡಿದ್ದರು. ಕದ್ದವರು ಹೋಗುವ ಹಾಗೆ ಹೋದಳು ಸಣ್ಣವ್ವ. ಆಮೇಲೆ ಅವಳು ತವರಿಗೆ ಬಂದದ್ದೇ ಕಡಿಮೆ.

ಬೆಂಗಳೂರಲ್ಲಿ ಬೆಳೆದ ಕಾವೇರಿಗೆ ಇದು ಹೇಗೆ ಗೊತ್ತಿರಬೇಕು? ಅವಳ ಆಫೀಸಿಗೆ ಬರುವವರು ಊರ ಹೊರಗೆ, ಬಯಲಲ್ಲಿ, ನಾಲ್ಕೇ ಜನರ ಮುಂದೆ ಮದುವೆಯಾಗಬೇಕು ಎಂದು ಹಂಬಲಿಸುವವರು. ಕಲ್ಯಾಣ ಮಂಟಪ ಅಂದರೆ ಅವರು ಮೂಗು ಮುರಿಯುತ್ತಾರೆ. ಬಂಡೆ ಬೇಕು, ಗಾಳಿ ಬೇಕು, ಬೆಟ್ಟದ ತಿರುವು ಬೇಕು. ಅಂಥ ಮದುವೆಗಳನ್ನು ಬೇರೆಯವರಿಗೆ ಮಾಡಿ ಮಾಡಿ, ಒಂದನ್ನಾದರೂ ತನ್ನ ತಾಯಿಗೆ ಮಾಡಬೇಕು ಎಂದು ಹುಡುಗಿ ಆಸೆಪಟ್ಟಿದ್ದಳು. ತಾನು ಕಂಡ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ತಂದಿದ್ದಳು, ಪಾಪ. ತಂದದ್ದು ಉಡಿಕಿಯನ್ನೇ ಎಂದು ಅವಳಿಗೆ ಹೇಳುವ ಬಾಯಿ ನಾಗರತ್ನಾಳಿಗೆ ಇರಲಿಲ್ಲ.

ನಾಗರತ್ನಾಳ ಮನಸ್ಸಿನಲ್ಲಿದ್ದದ್ದು ವಠಾರದ ಬಾಗಿಲಲ್ಲಿ ನಾಲ್ಕು ಕಂಬದ ಒಂದು ಹಂದರ. ಬಸ್ಸಿಗೆ ಓಡುವವರು, ತರಕಾರಿ ಗಾಡಿಯವರು, ಎಲ್ಲರೂ ನೋಡಿಕೊಂಡು ಹೋಗುವಂಥದ್ದು. ಅದು ಹೋದರೆ ಹೋಗಲಿ. ಆದರೆ ಒಂದನ್ನು ಮಾತ್ರ ಬಿಡಲಾರಳು. ಬೆಟ್ಟವೋ ಬಯಲೋ, ಎಲ್ಲಾದರೂ ಮಾಡು, ಬಾಲಕ್ಕ ಎದುರಿಗೆ ನಿಂತು ತಲೆಯ ಮೇಲೆ ಅಕ್ಕಿಕಾಳು ಹಾಕಬೇಕು, ಇಲ್ಲದಿದ್ದರೆ ನನಗೆ ಈ ಮದುವೆಯೇ ಬೇಡ ಎಂದು ಮಗಳಿಗೆ ಖಡಾಖಂಡಿತ ಹೇಳಿದಳು. ಮುತ್ತೈದೆ ಅಕ್ಕ ಕಣ್ಣೆತ್ತಿ ನೋಡಿ ಹರಸಿದರೆ ಅದು ಮದುವೆ. ಇಲ್ಲವಾದರೆ ಎಷ್ಟು ಹೂವು ಕಟ್ಟಿದರೂ ತಾನು ಸಣ್ಣವ್ವನೇ.

ದೊಡ್ಡವ್ವ ಬರದೇ ಇರ್ತಾರಾ, ಇದೇನು ಕೇಳೋ ಮಾತಾ ಎಂದು ಕಾವೇರಿ ನಕ್ಕುಬಿಟ್ಟಳು. ನಾಗರತ್ನಾ ನಗಲಿಲ್ಲ. ಬಾಲಮ್ಮನ ಗಂಡ ಜಟ್ಟೆಪ್ಪನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಕಲಬುರಗಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹಿಂದೊಮ್ಮೆ ಹೋಗಿ ನೋಡಿ ಬಂದಾಗ, ಹೊಲದಲ್ಲಿ ಇಡೀ ದಿನ ನೇಗಿಲು ಹಿಡಿಯುತ್ತಿದ್ದ ಮನುಷ್ಯ ಹಾಸಿಗೆಯ ಮೇಲೆ ಒಂದು ಮಡಿಸಿದ ಅಂಗಿಯ ಹಾಗೆ ಕಂಡಿದ್ದ. ಬಾಲಮ್ಮ ಅವನ ಜೀವವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತ ಹೆಂಗಸು. ಅವಳನ್ನು ಬಾ, ನನ್ನ ಮುಖ ನೋಡು ಎಂದು ಕರೆಯುವುದು ಎಂಥ ಕರೆ ಎಂದು ನಾಗರತ್ನಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದಳು. ಆಸೆ ಅಷ್ಟು ದೊಡ್ಡದಿತ್ತು.

ಫೋನಿನಲ್ಲಿ ಬಾಲಮ್ಮ ಮಳೆ ಹೇಗಿದೆ, ಕಾವೇರಿ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ ಎಂದು ವಿಚಾರಿಸಿ, ಮಾತು ಮುಗಿಸಿ ಇಟ್ಟುಬಿಟ್ಟಳು. ನಾಲ್ಕಾರು ದಿನ ಅವಳಿಂದ ಫೋನಿಲ್ಲ. ಆ ದಿನಗಳಲ್ಲಿ ನಾಗರತ್ನಾ ಗೋಡೌನಿನಲ್ಲಿ ಮಲ್ಲಿಗೆಯ ಬದಲು ಕಾಕಡ ಪೋಣಿಸಿ, ಅದನ್ನು ಬಿಚ್ಚಿ, ಮತ್ತೆ ಕಾಕಡವನ್ನೇ ಪೋಣಿಸಿದಳು. ಕಾವೇರಿ ಮಾತ್ರ ಯಾವ ಬಣ್ಣದ ಬಟ್ಟೆ ಬಂಡೆಯ ಮೇಲೆ ಒಪ್ಪುತ್ತದೆ, ಶಿವಾಜಿನಗರದಲ್ಲಿ ಬಾಡಿಗೆಗೆ ಸಾಮಾನು ಕೊಡುವ ಅಜ್ಮತ್ ಭಾಯಿ ಹತ್ತಿರ ಜಮಖಾನೆ ಕೇಳೋಣವೋ ಕುರ್ಚಿ ಕೇಳೋಣವೋ ಎಂದು ತಲೆ ತಿನ್ನುತ್ತಿದ್ದಳು. ಕೊನೆಗೆ ಒಂದು ಸಂಜೆ ಅವಳು, ಅವ್ವ ಯಾಕೆ ಇದರಲ್ಲಿ ಯಾವುದಕ್ಕೂ ಮನಸ್ಸು ಕೊಡುತ್ತಿಲ್ಲ ಎಂದು ಭೀಮಾಶಂಕರನನ್ನು ಕೇಳಿದಳು. ಅವನು ಟೆಂಪೊದ ಬಾಗಿಲಿಗೆ ಒರಗಿ ನಿಂತು, ಸುತ್ತಿ ಬಳಸಿ, ಕೆಮ್ಮಿ, ಉಡಿಕಿ ಅಂದರೇನು ಎಂದು ಹೇಳಿದ.

ಮನೆಗೆ ಬಂದ ಕಾವೇರಿಯ ಮುಖ ಬಿಳಿಚಿಕೊಂಡಿತ್ತು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಬೆಟ್ಟ ಬೇಡವೇ ಬೇಡ, ವಠಾರದ ಓನರ್ ಮುನಿಆಂಜನಪ್ಪನವರನ್ನು ಕೇಳಿ ಇಲ್ಲಿಯೇ ಮಹಡಿಯ ಮೇಲೆ ಶಾಮಿಯಾನ ಹಾಕಿಸುತ್ತೇನೆ ಎಂದಳು. ಆದರೆ ಅಷ್ಟು ಹೊತ್ತಿಗೆ ಬಾಲಮ್ಮನ ಫೋನು ಬಂದು ಹೋಗಿತ್ತು. ನಮ್ಮ ಮಂದಿ ಯಾರೂ ಬರದ ಬೆಟ್ಟ ಅಂತೀ, ಹಂಗಿದ್ದರೆ ಬರುತ್ತೇನೆ ಎಂದಿದ್ದಳು. ಕೆ.ಆರ್. ಪುರದ ಆ ಬೀದಿಯಲ್ಲಿ ಅವರ ಕಡೆಯ ಎಷ್ಟೋ ಮನೆಗಳಿದ್ದವು. ಇಲ್ಲಿ ಅಕ್ಕಿಕಾಳು ಹಾಕಿದರೆ ಬಾಲಮ್ಮ ಕಲಬುರಗಿಯ ರೈಲು ಇಳಿಯುವ ಮೊದಲೇ ಸುದ್ದಿ ಅವಳ ಓಣಿ ಸೇರುತ್ತಿತ್ತು. ಹಾಗಾಗಿ ಯಾವ ಜಾಗ ನಾಗರತ್ನಾಳ ಎದೆಗೆ ಮುಳ್ಳಾಗಿತ್ತೋ ಅದೇ ಜಾಗ ಈಗ ಬೇಕೇಬೇಕಾಯಿತು. ಬೆಟ್ಟವೇ ಇರಲಿ ಎಂದು ತಾಯಿ ಅಂದಾಗ ಮಗಳು ಬಾಗಿಲಿಗೆ ಹಣೆ ಒತ್ತಿ ಅತ್ತಳು. ಈ ಸಲ ಸಮಾಧಾನ ಮಾಡಿದ್ದು ಮದುಮಗಳು.

ಬಾಲಮ್ಮ ಮದುವೆಯ ಹಿಂದಿನ ದಿನ ಕೆ.ಆರ್. ಪುರದ ಸ್ಟೇಷನ್ನಿನಲ್ಲಿ ಇಳಿದಳು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಅರಿಶಿಣ ಕುಂಕುಮ ಹಚ್ಚಿದ ಜೋಳದ ಸಣ್ಣ ಚೀಲ. ಅಕ್ಕಿಕಾಳು ಎಂದು ಹೆಸರು ಅಷ್ಟೆ, ಅವರ ಕಡೆ ಹಾಕುವುದು ಜೋಳವನ್ನೇ. ಮರುದಿನ ಸಂಜೆಯ ರೈಲಿಗೆ ವಾಪಸು ಹೊರಡಬೇಕಿತ್ತು, ಅದರ ಮರುದಿನ ಗಂಡನಿಗೆ ಡಯಾಲಿಸಿಸ್. ಅಕ್ಕತಂಗಿಯರು ಆ ಸಂಜೆ ಶೇಂಗಾ ಹುರಿದು ಹೋಳಿಗೆಯ ಹೂರಣ ರುಬ್ಬಿ, ಬಹಳ ನಕ್ಕರು. ನಿನ್ನ ಗಂಡ ಟೆಂಪೊ ಗೇಟಿಗೆ ಗುದ್ದಿಸಿದವನಲ್ಲವೇ, ಬೆಟ್ಟದ ಮೇಲೆ ನಮ್ಮನ್ನೆಲ್ಲ ಎಲ್ಲಿ ಉರುಳಿಸುತ್ತಾನೋ ಎಂದು ಬಾಲಮ್ಮ ಛೇಡಿಸಿದಳು. ಭೀಮಾಶಂಕರ ತರಕಾರಿ ಕೊಡಲು ಬಂದವನು ಬಾಗಿಲಲ್ಲೇ ಚೀಲ ಇಟ್ಟು ಓಡಿಹೋದ.

ಜಟ್ಟೆಪ್ಪ ಮಾಮಾ ಏನಂದರು ಎಂದು ನಾಗರತ್ನಾ ಕೇಳಿದ್ದು ಎಲ್ಲ ನಗು ಮುಗಿದ ಮೇಲೆ. ಬಾಲಮ್ಮ ಹೂರಣದ ಉಂಡೆ ಕಟ್ಟುತ್ತಲೇ ಇದ್ದಳು.

"ಅವರೇ ಕಳ್ಸ್ಯಾರ. ನಾ ಒಲ್ಲೆ ಅಂತ ಕುಂತಿದ್ದೆ. ನನ್ನ ಸಾವು ನನ್ನ ಕಿಡ್ನಿಯಾಗ ಅದ, ನಿನ್ನ ಕಣ್ಣಾಗ ಇಲ್ಲ, ಹೋಗಿ ತಂಗಿಗಿ ಅಕ್ಕಿಕಾಳು ಹಾಕಿ ಬಾ ಅಂದ್ರು."

ಇದನ್ನು ಹೇಳಿ ಬಾಲಮ್ಮ ನಕ್ಕಳು. ಜಟ್ಟೆಪ್ಪ ಮೊದಲಿನಿಂದಲೂ ಹಾಗೆಯೇ, ಒಳ್ಳೆಯ ಮನುಷ್ಯ. ನಾಗರತ್ನಾಳ ಗಂಡ ಸತ್ತಾಗ ಅವಳ ಜೊತೆ ತಿಂಗಳುಗಟ್ಟಲೆ ಬೆಂಗಳೂರಲ್ಲಿ ನಿಂತು, ಕಾವೇರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬಂದವನು. ಆದರೆ ಬಾಲಮ್ಮ ನಕ್ಕದ್ದು ನಾಗರತ್ನಾಳಿಗೆ ಸಮಾಧಾನ ತರಲಿಲ್ಲ. ಅಕ್ಕ ಬಂದಾಗಿನಿಂದ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಿರಲಿಲ್ಲ. ರೈಲಿನಲ್ಲಿ ತಿಂದದ್ದೇ ಕರಗಿಲ್ಲ ಅನ್ನುತ್ತಿದ್ದಳು. ಯಾವ ದೇವರಿಗೆ ಏನು ಹರಕೆ ಹೊತ್ತು ಉಪವಾಸ ಹಿಡಿದಿದ್ದಾಳೆ ಎಂದು ನಾಗರತ್ನಾ ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಾಳೆ, ಹೇಳಿದರೆ ತಾನು ನಾಳೆ ಅವಳ ಎದುರು ಹೇಗೆ ನಿಲ್ಲುವುದು ಎಂದು ಸುಮ್ಮನಾದಳು. ಇದು ಸ್ವಾರ್ಥ ಎಂದು ಅವಳಿಗೆ ತಿಳಿಯದೆ ಇರಲಿಲ್ಲ.

ಬೆಳಿಗ್ಗೆ ಟೆಂಪೊ ಹೊರಟಿತು. ಗೋಡೌನಿನ ಹೆಂಗಸರು ಅದಕ್ಕೆ ಮಾವಿನ ತೋರಣ ಕಟ್ಟಿ, ತಾವೂ ಪಟ್ಟೆ ಸೀರೆ ಉಟ್ಟು ಹಿಂದೆ ಹತ್ತಿ ಕುಳಿತಿದ್ದರು. ಹೆಚ್ಚಿನವರು ಹಲಸೂರಿನ ತಮಿಳರು, ಅವರಿಗೆ ಈ ಉಡಿಕಿಯ ಕಟ್ಟಳೆ ಗೊತ್ತೂ ಇಲ್ಲ, ಹೇಳಿದರೆ ನಂಬುವವರೂ ಅಲ್ಲ. ಮನೆಯ ಓನರ್ ಮುನಿಆಂಜನಪ್ಪನವರು ಹಿರಿಯರಾಗಿ ತಾಳಿ ಎತ್ತಿಕೊಡುವುದಕ್ಕೆ ಬಿಳಿ ಪಂಚೆಯಲ್ಲಿ ಮುಂದೆ ಕುಳಿತರು. ಕಾವೇರಿಯ ಆಫೀಸಿನ ಗೆಳತಿ ಪೂಜಿತಾ ಕ್ಯಾಮೆರಾ ತಂದಿದ್ದಳು. ನಾಗರತ್ನಾ ಮತ್ತು ಬಾಲಮ್ಮ ನಡುವಿನ ಸೀಟಿನಲ್ಲಿ. ಹೊಸಕೋಟೆ ದಾಟುವವರೆಗೆ ಹಾಡು, ಚಪ್ಪಾಳೆ, ಹಿಂದಿನಿಂದ ಮುಂದಕ್ಕೆ ಕೈಯಿಂದ ಕೈಗೆ ಬರುವ ಚಕ್ಕುಲಿ. ಬಾಲಮ್ಮನೂ ಚಪ್ಪಾಳೆ ತಟ್ಟಿದಳು.

ಬೆಟ್ಟದ ರಸ್ತೆ ಶುರುವಾದಾಗ ಚಪ್ಪಾಳೆ ನಿಂತಿತು. ಎಲ್ಲರೂ ಕಿಟಕಿಯಾಚೆ ನೋಡುವುದರಲ್ಲಿ ಮುಳುಗಿದ್ದರು, ನೋಡುವಂತೆಯೇ ಇತ್ತು. ಒಂದು ಕಡೆ ಆನೆಗಾತ್ರದ ಗುಂಡುಕಲ್ಲುಗಳು, ಅವುಗಳ ಸಂದಿಯಲ್ಲಿ ಸೀತಾಫಲದ ಪೊದೆ, ಇನ್ನೊಂದು ಕಡೆ ಇಳಿಜಾರು, ಕೆಳಗೆ ಕೆರೆಯ ನೀರು ಬಿಸಿಲಿಗೆ ಥಳಥಳ. ಕಾವೇರಿ ಪ್ರತಿ ತಿರುವಿನಲ್ಲೂ ಹಿಂದಕ್ಕೆ ತಿರುಗಿ ತಾಯಿಯ ಮುಖ ನೋಡುತ್ತಿದ್ದಳು, ಚೆಂದ ಇದೆಯಾ, ಚೆಂದ ಇದೆಯಾ ಎಂದು ಕಣ್ಣಲ್ಲೇ ಕೇಳುತ್ತ. ನಾಗರತ್ನಾ ಹೂಂ ಎಂದು ತಲೆ ಆಡಿಸುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಅಕ್ಕನ ಕೈ. ಬಾಲಮ್ಮ ತನಗೇ ಅರಿವಿಲ್ಲದೆ ಎಡಗೈಯಲ್ಲಿ ತಾಳಿಯನ್ನು ಹಿಡಿದುಕೊಂಡಿದ್ದಳು. ಬಲಗೈಯಲ್ಲಿ ಫೋನು. ಬೆಟ್ಟದ ಮೇಲೆ ಸಿಗ್ನಲ್ ಹೋಗಿಬಿಟ್ಟಿತ್ತು. ಬೆಳಿಗ್ಗೆಯಿಂದ ಎಷ್ಟು ಸಲ ಮಾಮಾನ ಜೊತೆ ಮಾತಾಡಿದ್ದಳೋ, ಈಗ ಮತ್ತೆ ಒತ್ತುತ್ತಾಳೆ, ಕಿವಿಗೆ ಹಿಡಿಯುತ್ತಾಳೆ, ಇಳಿಸುತ್ತಾಳೆ. ಮನೆಯಲ್ಲಿ ಪಕ್ಕದವರಿದ್ದಾರೆ, ಮಾಮಾಗೆ ಏನೂ ಆಗುವುದಿಲ್ಲ ಎಂದು ನಾಗರತ್ನಾ ಮೆಲ್ಲಗೆ ಅಂದಳು. ಏನೂ ಆಗುವುದಿಲ್ಲ ಎಂದು ಬಾಲಮ್ಮನೂ ಅಂದಳು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಬಂಡೆಯ ಮೇಲೆ ಕಾವೇರಿ ಮಾಡಿಸಿದ್ದನ್ನು ನೋಡಿದರೆ ಯಾರ ಕಣ್ಣಾದರೂ ತುಂಬಬೇಕು. ಜಮಖಾನೆ ಹಾಸಿ, ಮಂಟಪದ ಬದಲು ನಾಲ್ಕು ಬಿದಿರು ನೆಟ್ಟು, ತಾಯಿಯೇ ಕಟ್ಟಿದ ಚೆಂಡು ಹೂವು, ಸೇವಂತಿಗೆಯ ಸರಗಳನ್ನು ಇಳಿಬಿಟ್ಟಿದ್ದಳು. ಅದು ಹಂದರ. ತಾಯಿ ಬಾಯಿಬಿಟ್ಟು ಕೇಳದ ಹಂದರವನ್ನು ಮಗಳು ಬೆಟ್ಟದ ಮೇಲೆ ತಂದು ನಿಲ್ಲಿಸಿದ್ದಳು. ನಾಗರತ್ನಾ ಅದರ ಕೆಳಗೆ ನಿಂತು ಒಂದು ಬಿದಿರನ್ನು ಮುಟ್ಟಿ, ಮಗಳ ಕೆನ್ನೆ ಮುಟ್ಟಿದಳು. ಪಕ್ಕದಲ್ಲಿ ಭೀಮಾಶಂಕರ, ಹೊಸ ಅಂಗಿಯಲ್ಲಿ ಬೆವೆತು, ಕೈ ಎಲ್ಲಿಡಬೇಕು ಎಂದು ತಿಳಿಯದೆ ಸ್ಟೇರಿಂಗ್ ಹಿಡಿದವನಂತೆ ನಿಂತಿದ್ದ. ಅವನನ್ನು ನೋಡಿ ಅವಳಿಗೆ ನಗು ಬಂತು. ಅಷ್ಟು ಹೊತ್ತು, ಅಂದರೆ ಎರಡು ನಿಮಿಷ ಇರಬಹುದು, ನಾಗರತ್ನಾ ಸುಖವಾಗಿದ್ದಳು.

ಮುನಿಆಂಜನಪ್ಪನವರು ತಾಳಿಯನ್ನು ಎಲ್ಲರ ಕೈಗೆ ಮುಟ್ಟಿಸಿ ತಂದರು. ನಾಗರತ್ನಾ ತಲೆ ಬಗ್ಗಿಸಿದಳು. ಭೀಮಾಶಂಕರನ ಬೆರಳು ಅವಳ ಕತ್ತಿನ ಹಿಂದೆ ಗಂಟು ಹಾಕುತ್ತಿದ್ದಾಗ, ಬಗ್ಗಿದ ಅವಳ ಕಣ್ಣಿಗೆ ಎದುರಿಗೆ ನಿಂತ ಬಾಲಮ್ಮನ ಪಾದ ಕಂಡಿತು, ಕಾಲುಂಗುರ ಕಂಡಿತು, ಸೊಂಟದ ಮಟ್ಟದಲ್ಲಿ ಜೋಳ ಹಿಡಿದ ಬಲಗೈ ಕಂಡಿತು. ಹಾಕುವ ಮೊದಲೇ ಜೋಳ ಬೆರಳ ಸಂದಿನಿಂದ ಒಂದೊಂದಾಗಿ ಬಂಡೆಯ ಮೇಲೆ ಉದುರುತ್ತಿತ್ತು. ಎಡಗೈ ಎದೆಯ ಮೇಲೆ, ತಾಳಿಯ ಸುತ್ತ, ಗೆಣ್ಣು ಬಿಳುಪೇರುವಷ್ಟು ಬಿಗಿದಿತ್ತು. ಅದರ ಮೇಲಿನ ಮುಖವನ್ನು ನಾಗರತ್ನಾ ನೋಡಲಿಲ್ಲ. ನೋಡಬೇಕಾದರೆ ತಲೆ ಎತ್ತಬೇಕಿತ್ತು, ತಲೆ ಎತ್ತಿದರೆ ಅವಳು ಇಷ್ಟು ದಿನ ಕಾದದ್ದು ಸಿಗುತ್ತಿತ್ತು. ಅಕ್ಕ ಬಂದಿದ್ದಳು, ಮಾತು ಉಳಿಸಿಕೊಂಡಿದ್ದಳು, ಕಣ್ಣು ಮುಚ್ಚದೆ ನಿಂತಿದ್ದಳು.

ಮೂರನೆಯ ಗಂಟು ಬಿತ್ತು. ನಾಗರತ್ನಾ ತಲೆ ಎತ್ತಲಿಲ್ಲ. ಸೆರಗನ್ನು ಹಣೆಯ ಮೇಲಿಂದ ಗಲ್ಲದವರೆಗೆ ಎಳೆದುಕೊಂಡು, ಇದ್ದಲ್ಲಿಯೇ ಹಿಂದಕ್ಕೆ ತಿರುಗಿ ಕಣಿವೆಯ ಕಡೆಗೆ ಮುಖ ಮಾಡಿ ನಿಂತಳು.

ಅವ್ವಾ, ಈ ಕಡೆ ತಿರುಗು ಎಂದು ಕಾವೇರಿ ಅಂದಳು. ಅದಕ್ಕಿಂತ ಹತ್ತಿರದಿಂದ ಬಾಲಮ್ಮನ ದನಿ ಬಂತು.

"ತಿರುಗು ನಾಗಿ. ನಾ ನೋಡ್ತೀನಿ. ನೋಡ್ಲಕ್ಕೇ ಬಂದೀನಿ."

"ಬ್ಯಾಡಕ್ಕ. ಬೆನ್ನ ಮ್ಯಾಲ ಹಾಕು."

ಭೀಮಾಶಂಕರ ಒಮ್ಮೆ ಬಾಲಮ್ಮನ ಕಡೆ ನೋಡಿದ, ಒಮ್ಮೆ ನಾಗರತ್ನಾಳ ಕಡೆ ನೋಡಿದ. ಅವನೂ ಆ ಮಂದಿಯವನೇ, ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನೂ ತಿರುಗಿ ಅವಳ ಪಕ್ಕದಲ್ಲಿ ಕಣಿವೆಗೆ ಮುಖ ಮಾಡಿ ನಿಂತ. ಜೋಳ ಬಂದು ಇಬ್ಬರ ಬೆನ್ನ ಮೇಲೆ ಬಿತ್ತು, ಮೊದಲು ಬಾಲಮ್ಮನದು, ಆಮೇಲೆ ಉಳಿದವರದು. ಕಣಿವೆಯ ಕಡೆಗೆ ಬೆನ್ನು ಹಾಕಿ ನಿಲ್ಲುವ ಜೋಡಿಗಳನ್ನೇ ನೋಡಿದ್ದ ಪೂಜಿತಾ, ಇದೇನೋ ಹೊಸದು ಮಾಡುತ್ತಿದ್ದಾರೆ ಎಂದುಕೊಂಡು ಚಕಚಕ ಫೋಟೊ ತೆಗೆದಳು. ಇವತ್ತಿನ ಎಲ್ಲಕ್ಕಿಂತ ಒಳ್ಳೆಯ ಫೋಟೊ ಇದೇ ಎಂದು ಆಮೇಲೆ ಎಲ್ಲರಿಗೂ ತೋರಿಸಿದಳು. ಅದರಲ್ಲಿ ಎರಡು ಬೆನ್ನು, ಕೆರೆ, ಆಕಾಶ ಇದ್ದವು. ಮೆಚ್ಚಿದವರೇ ಎಲ್ಲರೂ.

ನಾಗರತ್ನಾಳ ಕಿವಿಯಲ್ಲಿ ಉಳಿದದ್ದು ಜೋಳ ಬಿದ್ದ ಸದ್ದಲ್ಲ. ಬೆನ್ನ ಮೇಲೆ ಹಾಕು ಅಂದ ಕೂಡಲೇ ಅಕ್ಕ ಒಂದು ಉಸಿರು ಬಿಟ್ಟಿದ್ದಳು. ಕುತ್ತಿಗೆಗೆ ಬಂದದ್ದು ತಪ್ಪಿದಾಗ ಬಿಡುವಂಥ ಉಸಿರು. ಅದನ್ನು ಕೇಳಿ ನಾಗರತ್ನಾಳ ಕರುಳು ಕಿತ್ತುಬಂತು, ಮಾಡಿದ್ದು ಸರಿ ಎಂದೂ ಗೊತ್ತಾಯಿತು.

ಊಟವನ್ನು ಮದುಮಕ್ಕಳು ಒಂದು ಗುಂಡುಕಲ್ಲಿನ ಮರೆಯಲ್ಲಿ ಕುಳಿತು ಮಾಡಿದರು. ಬಾಲಮ್ಮ ಆಚೆ ಕುಳಿತು ಬೆಂಗಳೂರಿಗೆ ಬಂದ ಮೇಲೆ ಮೊದಲ ಬಾರಿಗೆ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು ಎಂದು ಕಾವೇರಿ ಬಂದು ಹೇಳಿದಳು. ಇಳಿಯುವಾಗ ನಾಗರತ್ನಾ ಗಾಡಿ ಓಡಿಸುತ್ತಿದ್ದ ಭೀಮಾಶಂಕರನ ಪಕ್ಕದಲ್ಲಿ, ಸೆರಗು ಇಳಿಬಿಟ್ಟುಕೊಂಡು, ಒಮ್ಮೆಯೂ ಹಿಂದಕ್ಕೆ ತಿರುಗದೆ ಕುಳಿತಳು. ಬೆಟ್ಟದ ಬುಡಕ್ಕೆ ಬಂದಾಗ ಸಿಗ್ನಲ್ ಬಂತು. ಹಿಂದಿನ ಸೀಟಿನಲ್ಲಿ ಬಾಲಮ್ಮ ಗಂಡನ ಜೊತೆ ಮಾತಾಡುವುದು ಕೇಳಿಸಿತು. ಗಂಜಿ ಕುಡಿದಿರೇನು, ಮಾತ್ರೆ ತಗೊಂಡಿರೇನು, ಹೂಂ, ಎಲ್ಲ ಸುಸೂತ್ರ ಆಯಿತು, ಅಕ್ಕಿಕಾಳು ಹಾಕಿದೆ ಎಂದು ಹೇಳುತ್ತಿದ್ದಳು. ಮುಖ ನೋಡಲಿಲ್ಲ ಎಂದು ಹೇಳಲಿಲ್ಲ.

ಉಳಿದವರನ್ನೆಲ್ಲ ದಾರಿಯಲ್ಲಿ ಇಳಿಸಿ, ಹೊತ್ತು ಮುಳುಗುವ ಮೊದಲು ಟೆಂಪೊ ಕೆ.ಆರ್. ಪುರ ಸ್ಟೇಷನ್ನಿಗೆ ಬಂತು. ಬಾಲಮ್ಮ ಇಳಿದು ಮುಂದಿನ ಬಾಗಿಲ ಹತ್ತಿರ ನಿಂತಳು. ನಾಗರತ್ನಾ ಇಳಿದು, ಮುಖ ತೋರದಂತೆ ಬಗ್ಗಿ, ಆ ಜನಜಂಗುಳಿಯ ನಡುವೆ ಅಕ್ಕನ ಕಾಲು ಮುಟ್ಟಿದಳು. ಬಾಲಮ್ಮನ ಕೈ ಸೆರಗಿನ ಮೇಲಿಂದಲೇ ಅವಳ ತಲೆಯನ್ನು, ಕೆನ್ನೆಯನ್ನು, ಗಲ್ಲವನ್ನು ಸವರಿ ಸವರಿ ನೋಡಿತು. ನಾಳೆ ಹೊತ್ತು ಮೂಡಿದ ಮೇಲೆ ವಿಡಿಯೊ ಕಾಲ್ ಮಾಡುತ್ತೇನೆ, ಆಗ ಮುಖ ತೋರಿಸು ಎಂದಳು. ಆಮೇಲೆ ಮೆಟ್ಟಿಲು ಹತ್ತಿ ಹೋದಳು. ತಂಗಿಯ ಮದುವೆಗೆ ಬಂದ ಅಕ್ಕ ಮದುಮಗಳ ಮುಖ ನೋಡದೆ ಊರಿಗೆ ಹೊರಟಳು.

ರೈಲು ಹೋದ ಸದ್ದು ಕೇಳುವವರೆಗೆ ಮೂವರೂ ಟೆಂಪೊದ ಹತ್ತಿರವೇ ನಿಂತಿದ್ದರು. ಕಾವೇರಿ ಅಲ್ಲಿಯವರೆಗೆ ತಡೆದುಕೊಂಡಿದ್ದಳು.

"ದೊಡ್ಡವ್ವ ನೋಡೋಕೆ ರೆಡಿ ಇದ್ರು ಅವ್ವ. ಅಷ್ಟು ದೂರದಿಂದ ಅದಕ್ಕೇ ಬಂದಿದ್ರು. ನೀನೇ ಬಿಡ್ಲಿಲ್ಲ. ನೀನೂ ಅದನ್ನೆಲ್ಲ ನಂಬ್ತೀಯಾ?"

ನಾಗರತ್ನಾ ಸೆರಗು ಸರಿಸಿದಳು. ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು.

"ನಾ ನಂಬಿದ್ರೇನು, ಬಿಟ್ರೇನು. ಅಕ್ಕ ನಂಬ್ತಾಳ. ಮಾಮಾ ಬಾಳ ದಿನ ಉಳಿಯಂಗಿಲ್ಲ ಕಾವೇರಿ, ಡಾಕ್ಟರ್ ಹೇಳಿಬಿಟ್ಟಾರ. ಅವರು ಹೋದ ದಿನ ಅಕ್ಕಗ ಇವತ್ತಿನ ನೆನಪು ಬರ್ತದ. ನನ್ನ ಮುಖ ನೋಡಿದ್ದಕ್ಕೇ ಹಿಂಗಾತು ಅಂತ ಒಂದು ಸಲ ಅಕಿ ಮನಸಿಗಿ ಬಂತಂದ್ರ, ಮತ್ತ ಸಾಯೋತನಕ ನನ್ನ ನೋಡ್ಲಕ್ಕ ಅಕಿ ಕಡಿಂದ ಆಗ್ತದೇನು? ನನಗ ಇರಾಕಿ ಅಕಿ ಒಬ್ಬಾಕಿ. ಇವತ್ತೊಂದು ದಿನ ನೋಡಲಿಲ್ಲ ಅಂದ್ರ ಏನಾತು."

ಏನಾತು ಎಂದು ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡು, ಆಟೊಗಳ ಹಾರ್ನಿನ ನಡುವೆ, ದೊಡ್ಡ ದನಿಯಲ್ಲಿ ಅತ್ತುಬಿಟ್ಟಳು. ಕಾವೇರಿ ತಾಯಿಯನ್ನು ತಬ್ಬಿಕೊಂಡಳು. ಭೀಮಾಶಂಕರ ಕೀಲಿ ಕೈಯಲ್ಲಿ ಹಿಡಿದು, ಆ ಅಳು ಮುಗಿಯುವವರೆಗೆ ಗಾಡಿ ಶುರು ಮಾಡದೆ ಕಾಯುತ್ತ ನಿಂತ.